ನಿಮ್ಮಜ್ಜಿ ಹೇಳಿದ ಒಡಪು

...ಅಲ್ಲಪಾ, ಅಜ್ಜಿ ಹಾಡ್ತಿದ್ಲು, ನಗ್ತಿದ್ಲು, ಹಳೇ ಸೀರಿ ಅಂಚು ಕತ್ತರಿಸಿ ಬಾಗಲಿಗೆ ತೋರಣ ಹೊಲೀತಿದ್ಲು, ಇಷ್ಟ ಹೇಳಿ ಮುಗಸಿದ್ರ ಫೋಟೋಕ್ಕ ಹಾರ ಹಾಕಿ ಕೈ ಮುಗದಂಗ ಆಗ್ತದ. ಅಜ್ಜಿ ಹೆಂಗಿದ್ಲು ಅಂತ ನೀವಿಬ್ರು ಮೊಮ್ಮಕ್ಕಳು ಕೇಳೀರಿ, ಅದಕ್ಕ ಖರೇ ಹೇಳ್ತೀನಿ. ಈಶಾ, ಆ ಬಾಲ್ಕನಿ ಬಾಗಲಾ ಸ್ವಲ್ಪ ಸರಿಸವಾ, ಒಳಗ ನಿಮ್ಮಪ್ಪ ಮೀಟಿಂಗಿನ್ಯಾಗ ಇದ್ದಾನ. ಅವಗೂ ಇದು ಪೂರಾ ಗೊತ್ತಿಲ್ಲ. ಅವಾಗ ಅವ ಇನ್ನೂ ತೊಡಿಮ್ಯಾಲಿನ ಕೂಸು.

ಆವಾಗ ಈ ಖಾರಘರದ ಫ್ಲ್ಯಾಟ್ ಎಲ್ಲಿ, ಈ ಲಿಫ್ಟು ಎಲ್ಲಿ! ಮುಂಬೈ ಹಂತೇಕ ಡೊಂಬಿವಲಿ ಈಸ್ಟಿನ್ಯಾಗ ಸಾಲುಮನಿ ಚಾಳು, ಮ್ಯಾಲಿನ ಮಾಳಿಗಿ, ಒಂದ ಖೋಲಿ. ನಾ ಗದಗಿನ ಕಡೆಯಿಂದ ಬಂದಾವ, ಠಾಣಾದಾಗ ವರ್ತಕ ನಗರದ ಹಂತೇಕ ಒಂದು ಕಾರ್ಖಾನಿಯೊಳಗ ಕ್ಲಾರ್ಕ್. ಕ್ಲಾರ್ಕ್ ಅಂದ್ರ ದೊಡ್ಡದೇನಲ್ಲ, ಸ್ಟೋರಿನ್ಯಾಗ ಸಾಮಾನು ಎಣಸಾಂವ. ನಿಮ್ಮಜ್ಜಿ ಸುಮಿತ್ರಾ, ಏನ್ ಹೇಳ್ಲಿ, ಆಕಿ ಬಾಯಿ ಸುಮ್ನ ಇದ್ದದ್ದ ಗೊತ್ತಿಲ್ಲ. ನಳದ ನೀರು ಬರೂತನಕ ಖಾಲಿ ಕೊಡದ ಮ್ಯಾಲ ತಾಳ ಹಾಕ್ಕೊಂತ ಹಾಡ್ತಿದ್ಲು. ಪಾಳಿಗೆ ನಿಂತು ಜಗಳಾಡೂ ಹೆಂಗಸರು ಸೈತ ಜಗಳಾ ಬಿಟ್ಟು "ವಹಿನಿ, ಅಜೂನ್ ಏಕ್", ಇನ್ನೊಂದು ಹಾಡ್ರಿ ಅಂತಿದ್ರು. ಯಾರ ಕಡೆ ಕಲತಿದ್ಲು? ಯಾರ ಕಡೇನೂ ಇಲ್ಲ, ತಾನ ಕಟ್ಟತಿದ್ಲು. ಹಪ್ಪಳದ ಮ್ಯಾಲ ಹಾಡು, ಲೇಟಾದ ಲೋಕಲ್ ಮ್ಯಾಲ ಹಾಡು, ನನ್ನ ಗೊರಕಿ ಮ್ಯಾಲ ಒಂದು ಹಾಡು. ನಗಬ್ಯಾಡ್ರಿ, ಇತ್ತು ಖರೇನ. ಚಾಳಿನ ಹುಡುಗೂರು ನನ್ನ ನೋಡಿದ್ರ ಅದನ್ನ ಹಾಡ್ತಿದ್ವು.

ಹಾಂ, ಎಲ್ಲಿದ್ದೆ? ಕಾರ್ಖಾನಿ. ಒಂದಿನ ಮುಂಜಾನೆ ಹೋದ್ರ ಗೇಟಿಗೆ ಕೀಲಿ. ನೋಟಿಸ್ ಅಂಟಿಸ್ಯಾರ. ಇವತ್ತು ತಗೀತಾರ, ನಾಳೆ ತಗೀತಾರ ಅಂತ ನಿಂತ್ವಿ, ಎಲ್ಲಿ ತಗೀತಾರ! ಮನಿಗೆ ಬಂದು ಆಕಿಗೊಬ್ಬಾಕಿಗೆ ಹೇಳಿದೆ. ಹೇಳಿ ಮತ್ತ ಏನಂದೆ? "ಚಾಳಿನ್ಯಾಗ ಯಾರ ಮುಂದೂ ಬಾಯಿ ಬಿಡಬ್ಯಾಡ." ಮಾನ ನೋಡ್ರಿ, ಮಾನ! ಮರುದಿನ ಇಸ್ತ್ರಿ ಅಂಗಿ ಹಾಕ್ಕೊಂಡು, ಡಬ್ಬಿ ಹಿಡಕೊಂಡು ಅದ ಲೋಕಲ್ಲಿಗೆ ಹೊಂಟೆ. ಠಾಣಾಕ್ಕ ಇಳದು ಪ್ಲಾಟ್‌ಫಾರ್ಮಿನ ತುದಿಗೆ ಒಂದು ಬಾಕು, ಅಂದ್ರ ಬೆಂಚು ಇತ್ತು, ಅದರ ಮ್ಯಾಲ ಕೂಡೂದು; ನಿಮ್ಮಜ್ಜಿಗೆ ಅದೂ ಗೊತ್ತಿತ್ತು. ಮೊದಲ ಕೆಲಸ ಹುಡುಕಿದೆ, ಸುಳ್ಳ್ಯಾಕ ಹೇಳ್ಲಿ, ಆಮ್ಯಾಲ ಅದನ್ನೂ ಬಿಟ್ಟೆ. ಮಧ್ಯಾಹ್ನ ಡಬ್ಬಿ ಬಿಚ್ಚಿ ಉಣ್ಣೂದು, ಸಂಜಿಗೆ ಗರ್ದಿಯೊಳಗ ಸೇರಿ ದಣದಾವರಂಗ ಮುಖಾ ಮಾಡ್ಕೊಂಡು ಬರೂದು. ಬಾಜೂ ಖೋಲಿ ಮೋರೆ ಭಾವು ದಣದ್ರೇನು ಅಂತ ಕೇಳಾಂವ, "ಕಾಯ್ ವಸಂತರಾವ್, ದಮಲಾತ್?" ನಾನೂ, "ಹೋ ನಾ, ಖೂಪ್ ಕಾಮ್!" ಬಹಳ ಕೆಲಸ ಅಂತ! ಬಾಕಿನ ಮ್ಯಾಲ ಕೂತು ನೊಣಾ ಹೊಡದಾವಗ!

ಮನಿಯೊಳಗ ಹಿಟ್ಟು ಕಡಿಮಿ ಆಗ್ತಾ ಬಂತು. ನಿಮ್ಮಜ್ಜಿ ಬದನಿಕಾಯಿ ತೊಟ್ಟಿನ ಪಲ್ಯ ಮಾಡಿದ್ಲು, ಮೂಲಂಗಿ ತಪ್ಪಲದ್ದು ಮಾಡಿದ್ಲು, ಹೆಂಗ ಮಾಡಿದ್ರೂ ರುಚಿ. ಆದ್ರ ಹಾಡು ನಿಂತು ಹೋತು. ಸಿಟ್ಟಲ್ಲ, ಅಳೂದೂ ಅಲ್ಲ, ಬರವಲ್ದು ಅಷ್ಟ. ಆವಾಗ ನಾ ಏನಂದೆ ಗೊತ್ತೇನು? ಹೇಳಾಕ ಈಗೂ ನಾಚಿಕಿ ಆಗ್ತದ. "ಏ ಸುಮಿ, ಹಾಡ. ಜೋರಾಗಿ ಹಾಡ. ನೀ ಸುಮ್ನಾದ್ರ ಮಂದಿಗೆ ಅನುಮಾನ ಬರ್ತದ" ಅಂದೆ. ಆಕಿ ನನ್ನ ಮುಖಾನ ನೋಡಿದ್ಲು. ಹಾಡಿದ್ಲು. ನನ್ನ ಡಬ್ಬಿ ನಾಟಕದ ಜೋಡಿ ಆಕಿ ಹಾಡೂ ನಾಟಕಾ ಆತು. ಹೊರಗಿನವರಿಗೆ ಛಲೋ ಕೇಳಸ್ತಿತ್ತು. ನನಗ ಗೊತ್ತಾಗ್ತಿತ್ತು ಅದರಾಗ ಆಕಿ ಇಲ್ಲಂತ. ಗೊತ್ತಿದ್ದೂ ಸುಮ್ನಿದ್ದೆ.

ಸಂಕ್ರಾಂತಿ ಬಂತು. ಇಲ್ಲಿ ಮನಿಮನಿಗೆ ಅರಿಷಿಣ-ಕುಂಕುಮ ಮಾಡ್ತಾರಲ್ಲ, ಅವತ್ತು ಮೋರೆ ಮನ್ಯಾಗ. ಹೆಂಗಸರೆಲ್ಲಾ ಕೂಡಿದಾಗ ಗಂಡನ ಹೆಸರು ಹೇಳಸ್ತಾರ. ಬರೇ ಹೆಸರು ಹೇಳಂಗಿಲ್ಲ, ಪ್ರಾಸ ಕಟ್ಟಿ ಅದರಾಗ ಕೂಡಿಸಿ ಹೇಳಬೇಕು. ನಮ್ಮ ಕಡೆ ಒಡಪು ಅಂತೀವಿ, ಇವರು ಉಖಾಣಾ ಅಂತಾರ. ಅದರಾಗ ನಿಮ್ಮಜ್ಜಿ ಮುಂದ ಯಾರೂ ಇಲ್ಲ. ನಾ ಡಬ್ಬಿ ಹಿಡಕೊಂಡು ಮೆಟ್ಟಲಾ ಏರಾಕ ಹತ್ತಿದ್ದೆ, ಮ್ಯಾಲ ಆಕಿ ದನಿ:

"ಸ್ಟೀಲಿನ ಡಬ್ಬಿಯೊಳಗ ಬದನಿಕಾಯಿ ಪಲ್ಯ,
ಕಾರ್ಖಾನಿಗೆ ಕೀಲಿ ಬಿದ್ದು ಕೆಲಸ ಉಳದಿಲ್ಲ,
ಠಾಣಾದ ಬಾಕಿನ ಮ್ಯಾಲ ಕೂತು ಉಣತಾರ ನಮ್ಮ ವಸಂತರಾಯರು, ಮಂದಿಗೆ ಹೇಳೂದಿಲ್ಲ!"

ಹೇಳಿದಾಕಿನ ಅದನ್ನ ಮರಾಠಿಯೊಳಗೂ ಹೇಳಿದ್ಲು, ಯಾರಿಗೂ ತಿಳೀಲಿಲ್ಲ ಅನ್ನಬಾರದಂತ. ನಕ್ಕಿದ್ರ ಛಲೋ ಇತ್ತು, ಯಾರೂ ನಗಲಿಲ್ಲ. ಮೋರೆ ಮನಿ ಮುದುಕಿ ಆಜಿ ಬಾಗಲಿಗೆ ಬಂದು ನನ್ನ ನೋಡಿ, "ಯೇ ಬಾಳಾ, ತಿಳಗುಳ ಘೇ", ಬಾ ಮಗನ, ಎಳ್ಳುಂಡಿ ತಗೋ ಅಂತ ಕೈ ಚಾಚಿದ್ಲು. ಎಳ್ಳುಂಡಿ ಕೈಯಾಗ ಹಿಡಕೊಂಡು ಭೂಮಿ ಬಾಯಿ ಬಿಡಬಾರದೇನು ಅನ್ನಸ್ತು.

ಖೋಲಿಗೆ ಬಂದ ಮ್ಯಾಲ ಒದರಿದೆ. "ಇಡೀ ಚಾಳಿನ ಮುಂದ ನನ್ನ ಮಾನ ಕಳದೆಲ್ಲ!" ಆಕಿ ಕುಂಕುಮದ ಕೈ ಒರಸ್ಕೊಂತ ಹೇಳಿದ್ಲು, "ಬ್ಯಾರೆ ಒಂದು ಕಟ್ಟಾಕ ನೋಡಿದೆರಿ. ಸಾಹೇಬರು, ಕಾರ್ಖಾನಿ, ಪಗಾರ ಎಲ್ಲಾ ಹಾಕಿ ನೋಡಿದೆ. ಸುಳ್ಳು ನನಗ ಪ್ರಾಸಕ್ಕ ಕೂಡವಲ್ದು." ಅಷ್ಟ ಅಂದು ರೊಟ್ಟಿ ಬಡ್ಯಾಕ ಕೂತ್ಲು.

ಮರುದಿನ ಮುಂಜಾನೆ ಮೋರೆ ಭಾವು ಗ್ಯಾಲರಿಗೆ ಬಂದು ಬಾಜೂಕ ನಿಂತ. ತಲಿ ಕೆಳಗ ಹಾಕ್ಕೊಂಡು ಹೇಳಿದ, "ವಸಂತರಾವ್, ಆ ಬಾಕಿನ ಮ್ಯಾಲ ನಿಮ್ಮನ್ನ ನಾವು ರೋಜ್ ನೋಡತಿದ್ವಿ. ನಮ್ಮನ್ನ ನೋಡಿದ್ರ ನಿಮಗ ಸಂಕೋಚ ಆದೀತಂತ ಆಚೆ ಕಡಿ ಬ್ರಿಜ್ಜಿನ ಮ್ಯಾಲೆ ಹಾದು ಹೋಗತಿದ್ವಿ." ಚಾಳಿನ ಗಂಡಸರೆಲ್ಲಾ! ಲೇಟ್ ಮಾರ್ಕ್ ಬಿದ್ರೂ ಸೈ, ಸುತ್ತು ಹಾಕಿ! "ಮತ್ತ ಕೇಳಬೇಕಿಲ್ಲೇನ್ರಿ?" ಅಂದೆ. "ನೀವ ಖೂಪ್ ಕಾಮ್ ಅಂದ್ರ ನಾವು ಏನಂತ ಕೇಳೂದು? ಕಳಂಬೋಲಿ ಕಬ್ಬಿಣದ ಬಜಾರದಾಗ ನಮ್ಮ ಮಾವ ತನ್ನ ಗೋದಾಮಿಗೆ ನಂಬಿಗಸ್ಥ ಮನುಷ್ಯಾ ಬೇಕಂತ ದೀಪಾವಳಿಯಿಂದ ಹೇಳಾಕ ಹತ್ಯಾನ."

ಏನಂದಿ ಅಥರ್ವಾ? "ತೋ ಸಬ್‌ಕೋ ಪತಾ ಥಾ?" ಹೌದಪಾ, ಸಬ್‌ಕೋ ಪತಾ ಥಾ. ಎಲ್ಲಾರಿಗೂ ಗೊತ್ತಿತ್ತು. ನಾ ಮಂದಿ ಕಣ್ಣಿಗೆ ಮಣ್ಣು ಹಾಕೀನಿ ಅನ್ಕೊಂಡಿದ್ದೆ. ಮಂದಿ ನನ್ನ ಸಲುವಾಗಿ ಕಣ್ಣು ಮುಚ್ಕೊಂಡು ನಡೀತಿದ್ರು.

ಆ ಗೋದಾಮಿನ ಕೆಲಸದ ಮ್ಯಾಲ ನಿಮ್ಮಪ್ಪ ಕಲತ, ಈ ಮನಿ ಆತು. ನಿಮ್ಮಜ್ಜಿ ಮತ್ತ ಹಾಡಿದ್ಲು, ಯಾವಾಗಿಂದ ಅಂತ ನನಗ ನೆನಪಿಲ್ಲ, ನಾ ಅಂತೂ ಹಾಡ ಅಂತ ಮತ್ತ ಎಂದೂ ಅನ್ನಲಿಲ್ಲ. ಅನ್ನೂ ಮುಖಾನ ಇರಲಿಲ್ಲ. ನೀವು ನೆನಪಿಟ್ಟುಕೊಳ್ರಿ, ಕೆಲಸ ಹೋದ್ರ ಹೋತು ಅನ್ರಿ, ಹಸಿವಾದ್ರ ಹಸಿವಾತು ಅನ್ರಿ. ಕಷ್ಟಾ ಮುಚ್ಚಾಕ ಮನ್ಯಾಗಿನವರ ನಗಿ ತಗೊಂಡು ಬಾಗಲಿಗೆ ಪರದಿ ಕಟ್ಟಬ್ಯಾಡ್ರಿ. ಏಳ್ರಿ ಇನ್ನ, ಅನ್ನ ಆರ್ತದ.