ಮಟ್ಟದ ಕಲ್ಲಿನ ಸಂಬಂಧ ಶೇಖಸಾಬ ಗೌಂಡಿ ಬರೆಸಿದ್ದು

ನನ್ನ ಹೆಸರು ಶೇಖಸಾಬ ತಂದೆ ಹುಸೇನಸಾಬ, ವಯಸ್ಸು 48, ಉದ್ಯೋಗ ಮನೆ ಕಟ್ಟುವ ಗೌಂಡಿ ಕೆಲಸ, ಸಾಕಿನ್ ಬೆಟಗೇರಿ, ತಾಲೂಕು ಗದಗ, ಜಿಲ್ಲಾ ಧಾರವಾಡ. ಇಂದು ದಿನಾಂಕ 9-10-1956 ಮಂಗಳವಾರ ಸಂಜೆ 6 ಗಂಟೆಗೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು, ಫೌಜದಾರ ಸಾಹೇಬರ ಎದುರು ಬರೆಸುವುದೇನೆಂದರೆ:

ಮುಂದಿನ ತಿಂಗಳು ಕನ್ನಡ ಸೀಮೆಯೆಲ್ಲ ಒಂದು ರಾಜ್ಯವಾಗುತ್ತದೆ, ಊರು ಬೆಳೆಯುತ್ತದೆ ಎಂದು ಬೆಟಗೇರಿಯ ಪೂರ್ವಕ್ಕಿರುವ ಹೊಲಗಳನ್ನೆಲ್ಲ ಪ್ಲಾಟು ಮಾಡಿ ಮಾರಿದ್ದಾರೆ. ಎಲ್ಲ ಎರೆ ನೆಲ, ಅಂಗೈಯಷ್ಟು ಸಪಾಟು. ಮಳೆ ಬಿದ್ದರೆ ನೀರು ಯಾರ ಮನೆಗೆ ನುಗ್ಗುತ್ತದೆ ಎಂಬುದೇ ಅಲ್ಲಿಯ ದಿನದ ಜಗಳ. ಆ ಕಡೆ ನೇಕಾರ ದೇವಪ್ಪನ ಮನೆ ಇರುತ್ತದೆ. ಅದರ ಮಗ್ಗುಲಿಗೆ ವ್ಯಾಪಾರಿ ಮುದಕಪ್ಪನ ಖಾಲಿ ಪ್ಲಾಟು. ದೇವಪ್ಪನದು ಕುಣಿಮಗ್ಗ. ಸಾಹೇಬರು ಪುಣೆ ಕಡೆಯವರು, ಅದಕ್ಕೆ ಬಿಡಿಸಿ ಹೇಳುತ್ತೇನೆ: ನೆಲದಲ್ಲಿ ಎರಡೂವರೆ ಅಡಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ನೇಯುವ ಮಗ್ಗ. ಅದರಲ್ಲಿ ನೀರು ನಿಂತರೆ ಮನೆಯ ಒಲೆಯೂ ಆರಿದಂತೆಯೇ.

ಯುಗಾದಿಯಾಗಿ ಎಂಟು ದಿನಕ್ಕೆ ಇಬ್ಬರೂ ಕೂಡಿ ನನ್ನನ್ನು ಕರೆದರು. ನಾನು ನಡುವೆ ಒಂದು ಕಲ್ಲು ನಿಲ್ಲಿಸಿ, ಮುದಕಪ್ಪನು ಈ ಕಲ್ಲಿನ ನೆತ್ತಿಯವರೆಗೆ ಗರಸು ಮಣ್ಣು ತುಂಬಬಹುದು, ಅದರ ಮೇಲೆ ಒಂದು ಬುಟ್ಟಿಯೂ ಕೂಡದು, ಹಾಗಿದ್ದರೆ ದೇವಪ್ಪನ ನೀರು ಗಟಾರ ಹಿಡಿದು ಹಳ್ಳಕ್ಕೆ ಹೋಗುತ್ತದೆ ಎಂದು ಹೇಳಿದೆನು. ಇಬ್ಬರೂ ಒಪ್ಪಿ, ಕಲ್ಲನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿ ಕಾಯಿ ಒಡೆದರು. ಎರೆ ನೆಲದಲ್ಲಿ ಇಂಥ ಕಲ್ಲನ್ನು ಕೆಳಗಿನ ಗಟ್ಟಿ ಗರಸು ಹತ್ತುವವರೆಗೆ ನಾಲ್ಕು ಅಡಿ ಅಗೆದು ನಿಲ್ಲಿಸಬೇಕು. ನಮ್ಮ ತಂದೆ ಕಲಿಸಿದ್ದೇ ಹಾಗೆ. ಅಂದು ಬಿಸಿಲು ಬಹಳ ಇತ್ತು, ನೆಲ ಕಬ್ಬಿಣವಾಗಿತ್ತು. ನಾನು ಒಂದೂವರೆ ಅಡಿಗೆ ಸಾಕು ಮಾಡಿದೆನು.

ಕಳೆದ ವಾರ ಮುದಕಪ್ಪನು ಗರಸು ತುಂಬಿಸಿದನು. ನಿನ್ನೆ ದೊಡ್ಡ ಮಳೆಯಾಯಿತು. ಇಂದು ಬೆಳಿಗ್ಗೆ 7 ಗಂಟೆಗೆ ದೇವಪ್ಪನ ಹೆಂಡತಿ ನೀಲಗಂಗವ್ವ ಅಳುತ್ತ ಬಂದು ಕರೆದಳು. ಹೋಗಿ ನೋಡಲಾಗಿ ಕುಣಿಯಲ್ಲಿ ಒಂದೂಕಾಲು ಅಡಿ ನೀರು. ದಸರೆಗೆ ಕೊಡಬೇಕಾದ ಸೀರೆಗಳ ನೂಲು ಕೆಸರಿನಲ್ಲಿ ಜೋತಾಡುತ್ತಿತ್ತು.

ಹೊರಗೆ ದೇವಪ್ಪ, ಮುದಕಪ್ಪ ಎದೆಗೆ ಎದೆ ಹಚ್ಚಿ ನಿಂತಿದ್ದರು. 'ಕಾಯಿ ಒಡದ ಕಲ್ಲ ಎತ್ತೀದೆಲ್ಲೋ, ನಿನ್ನ ಕೈಗೆ ಹುಳಾ ಬೀಳಲಿ' ಅಂತಾ ದೇವಪ್ಪ ಬೈದನು. ಅದಕ್ಕೆ ಮುದಕಪ್ಪ, 'ಕಲ್ಲಿನ ಮಟಾ ತುಂಬೇನಿ, ಒಂದ ಬೆರಳ ಹೆಚ್ಚಿಗಿದ್ರ ಈಗ ತಗಸ್ತೀನಿ. ಗೌಂಡಿ ಬಂದಾನಲ್ಲ, ಅವನ್ನ ಕೇಳು' ಅಂತಾ ಅಂದನು. ಹತ್ತು ಹನ್ನೆರಡು ಜನ ಕೂಡಿದ್ದರು.

ನಾನು ಅಂದು ಮಟ್ಟಕ್ಕೆ ಹಿಡಿದಿದ್ದ ಬಾವಿಯ ಕಟ್ಟೆಯಿಂದ ಕಲ್ಲಿನವರೆಗೆ 42 ಅಡಿ ದಾರ ಬಿಗಿದು ರಸಮಟ್ಟ ಇಟ್ಟು ನೋಡಿದೆನು. ಕಲ್ಲು ನಾಲ್ಕು ಬೆರಳು ಮೇಲೆ ಬಂದಿತ್ತು. ಬುಡದ ಮಣ್ಣು ಯಾರೂ ಕೆದರಿರಲಿಲ್ಲ, ಸುತ್ತಲಿನ ಹುಲ್ಲು ಹಾಗೇ ಇತ್ತು. ಎರೆ ನೆಲ ಈ ಮಳೆಗಾಲವೆಲ್ಲ ನೀರು ಕುಡಿದು ಉಬ್ಬಿ, ಮುದಕಪ್ಪ ಗರಸು ತುಂಬಿಸುವ ಮೊದಲೇ ಕಲ್ಲನ್ನು ಎತ್ತಿದೆ ಎಂದು ನನಗೆ ಅಲ್ಲಿಯೇ ತಿಳಿಯಿತು. ಇಪ್ಪತ್ತಾರು ವರ್ಷದಲ್ಲಿ ಶೇಖಸಾಬನ ಮಟ್ಟ ತಪ್ಪಿತು ಎಂದು ಯಾರೂ ಅಂದಿಲ್ಲ. ಅಷ್ಟು ಜನರೆದುರು ನನಗೆ ನಾಚಿಕೆಯಾಯಿತು. 'ಕಲ್ಲ ತಾನ ಏಳೂದಿಲ್ಲ, ಯಾರದರ ಕೈ ಆಡಿರಬೇಕು' ಅಂದುಬಿಟ್ಟೆನು. ಮಾತು ಆಡಿದರೆ ಹೋಯಿತು.

ಆಗ ಸಮಯ 8 ಗಂಟೆ 10 ನಿಮಿಷ. ದೇವಪ್ಪನು ಗರಸಿನ ಗುಂಪೆಯ ಮೇಲಿದ್ದ ಗುದ್ದಲಿ ಎತ್ತಿ ಮುದಕಪ್ಪನ ಎಡ ಹೆಗಲಿಗೆ ಹೊಡೆದನು. ಎಲುಬು ಮುರಿದ ಸಪ್ಪಳ ನನಗೆ ಕೇಳಿಸಿತು. ಎರಡನೆಯ ಏಟು ಮೊಣಕಾಲಿಗೆ. ಮುದಕಪ್ಪ ಗಟಾರದಲ್ಲಿ ಅಂಗಾತ ಬಿದ್ದನು. ನಾನು ದೇವಪ್ಪನ ಸೊಂಟ ಹಿಡಿದೆನು. ಅವನು ಮೊಣಕೈಯಿಂದ ನನ್ನ ಬಾಯಿಗೆ ಗುದ್ದಿ ಕೆಡವಿದನು, ಎರಡು ಹಲ್ಲು ಹೋದವು. ಮೂರನೆಯ ಏಟಿಗೆ ಗುದ್ದಲಿ ಮುದಕಪ್ಪನ ಹೊಟ್ಟೆಯಲ್ಲಿ ಇಳಿದು ಸಿಕ್ಕಿಕೊಂಡಿತು. ದೇವಪ್ಪನು ಅವನ ತೊಡೆಯ ಮೇಲೆ ಕಾಲಿಟ್ಟು ಅದನ್ನು ಕಿತ್ತನು. ಆಮೇಲೆ ಜನ ಅವನನ್ನು ಹಿಡಿದರು.

ಮುದಕಪ್ಪನನ್ನು ಗಾಡಿಯಲ್ಲಿ ಹಾಕಿಕೊಂಡು ನಾನು ದವಾಖಾನೆಗೆ ಹೊರಟೆನು, ದೂರ ಒಂದೂವರೆ ಮೈಲು. ನನ್ನ ದೋತರದಿಂದ ಅವನ ಹೊಟ್ಟೆ ಒತ್ತಿ ಹಿಡಿದಿದ್ದೆನು. ಅರ್ಧ ದಾರಿಯಲ್ಲಿ ಅವನು ನನ್ನ ಅಂಗಿ ಹಿಡಿದು, 'ಶೇಖಸಾಬ, ನಾ ಕಲ್ಲ ಮುಟ್ಟಿಲ್ಲೋ' ಅಂದನು. 'ಹೌದ್ರಿ ಸಾವಕಾರ್ರ, ಮುಟ್ಟಿಲ್ಲ' ಅಂದೆನು. ಗಾಡಿಯವನಿಗೆ ಕೇಳಿಸಬಾರದೆಂದು ಸಣ್ಣಗೆ ಅಂದೆನು. 9 ಗಂಟೆ 5 ನಿಮಿಷಕ್ಕೆ ಜೀವ ಹೋಯಿತು.

ಈಗ ಒಳಗೆ ಬರುವಾಗ ಕಂಬಿಯ ಹಿಂದಿನಿಂದ ದೇವಪ್ಪ ನನ್ನನ್ನು ಕೂಗಿ, 'ಶೇಖಸಾಬಣ್ಣಾ, ನೀ ಮಟ್ಟ ನೋಡಿದ್ದು ಸಾಹೇಬ್ರಿಗೆ ಹೇಳು. ಆಣಿ ಮುರದಾಂವನ್ನ ಹೊಡದೀನಿ, ಸುಮ್ಮನ ಹೊಡದಿಲ್ಲ' ಅಂದನು. ನನ್ನನ್ನು ನೋಡಿ ಅವನಿಗೆ ಧೈರ್ಯ ಬಂದಂತಿತ್ತು. ಮುದಕಪ್ಪನು ಆಣೆ ಮುರಿದಿಲ್ಲ. ತಪ್ಪು ನನ್ನದು, ಸುಳ್ಳೂ ನನ್ನದು. ಈ ಕಾಗದವನ್ನು ದೇವಪ್ಪನಿಗೆ ಓದಿ ಹೇಳುವಾಗ ನನ್ನನ್ನು ಹೊರಗೆ ಕಳಿಸಬಾರದು, ಅವನ ಎದುರಿಗೆ ನಿಲ್ಲಿಸಬೇಕು ಎಂದು ಕೇಳಿಕೊಳ್ಳುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ, ನನ್ನ ಬಾಯಿಂದ ಬಂದಂತೆಯೇ ಇದೆ, ಖರೆ ಇದೆ.

ಸ್ಥಳ: ಗದಗ
ದಿನಾಂಕ: 9-10-1956
ಸಹಿ (ಉರ್ದು): ಶೇಖಸಾಬ ಹುಸೇನಸಾಬ