ಪೋಸ್ಟರಿಗೆ ಕೂತವಳು

ಕದ್ದು ಕೇಳುವ ಚಾಳಿ ನನಗಿಲ್ಲ. ಪ್ರಿಂಟಿಂಗ್ ಅಂಗಡಿಯ ಸಾಲು ಮುಂದೆ ಸರಿಯುತ್ತಿರಲಿಲ್ಲ, ಅಷ್ಟೆ. ನನ್ನ ಮುಂದೆ ಒಬ್ಬ ಡಿಸೈನರ್, ಅವನ ಜೊತೆ ಕೆಲಸ ಮಾಡುವ ಹೆಂಗಸು. ಅವನ ಕೈಯಲ್ಲಿ, ಮನಸ್ಸು ಕುಗ್ಗಿದವರು ಕರೆ ಮಾಡುವ ಸಹಾಯವಾಣಿಯ ಪೋಸ್ಟರ್: ತಿಳಿಹಸಿರು ಬಣ್ಣ, ದೊಡ್ಡ ಫೋನ್ ನಂಬರು.

“ಮೊದಲು ಇದರಲ್ಲಿ ಕಿಟಕಿ ಪಕ್ಕ ಕೂತಿದ್ದ ಹುಡುಗಿ ಎಲ್ಲಿ?” ಹೆಂಗಸು ಕೇಳಿದಳು.

“ತೆಗೆದುಬಿಟ್ಟೆ.”

“ಅಯ್ಯೋ, ಎಲ್ಲರಿಗೂ ಹಿಡಿಸಿದ್ದೇ ಆ ಮುಖ ಕಣೋ! ಬರೀ ನಂಬರ್ ಇಟ್ರೆ ಯಾರು ನೋಡ್ತಾರೆ?”

“ಅದು ನನ್ನ ತಂಗಿ.”

“ಗೊತ್ತು. ಎಷ್ಟು ಚೆನ್ನಾಗಿ ನಟಿಸಿದ್ಲು!”

“ನಾನೂ ಹಾಗೇ ಅಂದ್ಕೊಂಡೆ. ಮುಖ ಸ್ವಲ್ಪ ಸಪ್ಪಗೆ ಮಾಡೇ ಅಂದೆ. ‘ಇಷ್ಟು ಸಾಕಾ ಅಣ್ಣಾ?’ ಅಂದ್ಲು. ಭಲೇ ನಟಿ ಅಂತ ಬೆನ್ನು ತಟ್ಟಿ, ಫೋಟೋ ತೆಗೆದು, ಆಫೀಸಿಗೆ ಓಡಿದೆ.”

ಹೆಂಗಸು ಪೋಸ್ಟರನ್ನು ತನ್ನ ಕಡೆ ತಿರುಗಿಸಿಕೊಂಡಳು.

“ಅದು ನಟನೆ ಅಲ್ಲ ಅಂತ ಗೊತ್ತಾಗಿದ್ದು ಅವಳನ್ನ ಆಸ್ಪತ್ರೆಗೆ ಸೇರಿಸಿದ ಮೇಲೆ.”

“ಈಗ ಹೇಗಿದ್ದಾಳೆ?”

“ಪರವಾಗಿಲ್ಲ. ನಾನು ಹೋದ್ರೆ ನಗ್ತಾಳೆ.”

“ಸದ್ಯ, ನಗ್ತಾಳಲ್ಲ!”

“ನಗ್ತಾಳೆ. ನಕ್ಕು ನನ್ನ ಮುಖ ನೋಡ್ತಾಳೆ. ಅವತ್ತು ‘ಇಷ್ಟು ಸಾಕಾ’ ಅಂತ ಕೇಳಿ ನೋಡಿದ್ಲಲ್ಲ, ಹಾಗೆ.”

ಕೌಂಟರಿನವನು ಕರೆದ. ಇಬ್ಬರೂ ಪೋಸ್ಟರ್ ಸುತ್ತಿಕೊಂಡು ಮುಂದೆ ಹೋದರು.