ನಲ್ಲಿಯ ಸದ್ದು

ಸ್ವಾನ್ಸಿಯ ಬಸ್ ನಿಲ್ದಾಣದ ಸಾಲಿನಲ್ಲಿ ಡಿಲಿಸ್‌ಳ ಮುಂದೆ ಇಬ್ಬರು ಅಕ್ಕತಂಗಿಯರು ನಿಂತಿದ್ದರು. ಬೇಡವೆಂದರೂ ಅವರ ಮಾತು ಅವಳ ಕಿವಿಗೆ ಬೀಳುತ್ತಿತ್ತು.

“ಒಂದು ಟೀವಿ ಕಥೆ ನೋಡಿ ಲಂಡನ್ನಿಂದ ಓಡಿ ಬಂದ್ಯೇನೇ, ಮಾರ್ಗೆಡ್?”

“ಹೂಂ ಅಕ್ಕಾ. ಕಂತಿಗೊಂದು ಕಥೆ ಇರತ್ತಲ್ಲ, ಆ ಭಯದ ಸೀರೀಸು. ಈ ಸಲದ ಕಥೇಲಿ ಒಬ್ಬ ಅಕ್ಕ ಫೋನ್ ಮಾಡಿದಾಗೆಲ್ಲ ತಂಗಿ ದನೀಲಿ ಒಂದು ಯಂತ್ರ ಮಾತಾಡತ್ತೆ. ತಂಗಿಗೆ ಪುರುಸೊತ್ತಿಲ್ಲ. ಕೊನೆಗೆ ಅಕ್ಕ ಸತ್ತಿದ್ದೂ ಯಂತ್ರಕ್ಕೇ ಮೊದಲು ಗೊತ್ತಾಗತ್ತೆ.”

“ಅಯ್ಯೋ, ಅಂಥದ್ದನ್ನೆಲ್ಲ ಯಾಕೆ ನೋಡ್ತೀಯೇ?”

“ನೋಡಿದ್ದೇ ಒಳ್ಳೇದಾಯ್ತು. ನಾನೂ ನಿನ್ನ ಫೋನ್ ಬಂದಾಗ ‘ಹೂಂ, ಹೌದಾ’ ಅಂತ ಪಾತ್ರೆ ತೊಳೀತಿದ್ದೆ.”

“ಗೊತ್ತಿತ್ತು ಕಣೇ. ನಲ್ಲಿ ಸದ್ದು ಕೇಳಿಸ್ತಿತ್ತು.”

“ಗೊತ್ತಿದ್ದೂ ಪ್ರತಿ ಭಾನುವಾರ ಮಾಡ್ತಿದ್ಯಾ?”

“ನಿನ್ನ ಮನೆ ಸದ್ದಾದ್ರೂ ಕೇಳ್ತಿತ್ತಲ್ಲ.”

ತಂಗಿ ಅಕ್ಕನ ಮಫ್ಲರ್ ಸರಿಪಡಿಸಿದಳು.

“ಆ ಕಥೆ ಬರೆದವರಿಗೆ ಪುಣ್ಯ ಬರಲಿ,” ಎಂದಳು ಅಕ್ಕ. “ಇವತ್ತು ಗಡ್ಡೆ ಪರೀಕ್ಷೆಯ ಫಲಿತಾಂಶ ಕೇಳೋಕೆ ಒಬ್ಬಳೇ ಹೋಗ್ಬೇಕಲ್ಲ ಅಂತ ಎದೆ ಹೊಡ್ಕೊಳ್ತಿತ್ತು.”

“ಇನ್ನು ಒಬ್ಬಳೇ ಎಲ್ಲಿಗೂ ಹೋಗೋದಿಲ್ಲ ನೀನು.”

ಆಸ್ಪತ್ರೆಯ ಬಸ್ಸು ಬಂತು. ಇಬ್ಬರೂ ಹತ್ತಿದರು. ಬಸ್ಸು ಹೊರಟಾಗ, ಬೇರೆ ಬಸ್ಸಿಗೆ ಕಾಯುತ್ತಿದ್ದ ಡಿಲಿಸ್ ನೋಡಿದಳು: ಕಿಟಕಿಯ ಪಕ್ಕ ಅಕ್ಕ ಕೈಯಾಡಿಸುತ್ತ ಏನೋ ಹೇಳುತ್ತಿದ್ದಳು, ತಂಗಿ ಪೂರ್ತಿ ಅವಳ ಕಡೆಗೇ ತಿರುಗಿ ಕೂತಿದ್ದಳು.